ಎಡ್ವರ್ಡ್ ಜೆನ್ನರ್

ರಾಯಚೂರು ಸೀಮೆಯ ದೇವದುರ್ಗ, ಮಾನ್ವಿಗಳ ರೈತನಿಗೆ ಎತ್ತೇ ಬಲ, ಕುರಿಯೇ ಗಂಟು. ದನದ ಬೇನೆ ಊರು ಹೊಕ್ಕರೆ ಬಿತ್ತನೆ ನಿಲ್ಲುತ್ತದೆ, ಸಾಲ ಏರುತ್ತದೆ. ಇಂದು ಆ ದನಕರುಗಳನ್ನು ಕಾಯುತ್ತಿರುವ ಲಸಿಕೆಯ ವಿದ್ಯೆಗೆ ಮೂಲಪುರುಷನು ಇಂಗ್ಲೆಂಡಿನ ಒಬ್ಬ ಹಳ್ಳಿಯ ವೈದ್ಯ. ಆ ವಿದ್ಯೆ ಅವನಿಗೆ ದೊರೆತದ್ದೂ ಹಸುವಿನಿಂದಲೇ.

ಎಡ್ವರ್ಡ್ ಜೆನ್ನರನು 1749ನೆಯ ಇಸವಿ ಮೇ 17ರಂದು ಬರ್ಕ್ಲಿ ಎಂಬ ಊರಿನಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಐದನೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡನು. ಬಾಲ್ಯದಲ್ಲಿಯೇ ಶಸ್ತ್ರವೈದ್ಯನೊಬ್ಬನ ಶಿಷ್ಯನಾಗಿ, ಬಳಿಕ ಲಂಡನ್ನಿನಲ್ಲಿ ಪ್ರಖ್ಯಾತ ಜಾನ್ ಹಂಟರನ ಬಳಿ ವ್ಯಾಸಂಗ ಮಾಡಿ, ನಗರದ ಗಳಿಕೆಯನ್ನು ಆಶಿಸದೆ ಹುಟ್ಟೂರಿಗೆ ಮರಳಿದನು.

ಆಗ ಸಿಡುಬು ಮನೆಮನೆಯ ಮಕ್ಕಳನ್ನು ಕೊಂಡೊಯ್ಯುತ್ತಿದ್ದಿತು. ಹಾಲು ಕರೆಯುವವರಿಗೆ ಕೆಚ್ಚಲಿನಿಂದ ಅಂಟುವ ಗೋಸಿಡುಬು ಬಂದುಹೋದರೆ ಮಾರಿಸಿಡುಬು ಮುಟ್ಟದೆಂಬುದು ರೈತರ ನಂಬಿಕೆ. ಬೆಂಜಮಿನ್ ಜೆಸ್ಟಿಯೆಂಬ ರೈತನು 1774ರಲ್ಲಿಯೇ ತನ್ನ ಮನೆಯವರಿಗೆ ಅದನ್ನು ಹಾಕಿದ್ದನು. ಆದರೆ ಆ ನಂಬಿಕೆಯನ್ನು ಪರೀಕ್ಷೆಗೊಡ್ಡಿ ಲೋಕಕ್ಕೆ ತಿಳಿಸಿದವನು ಜೆನ್ನರ್.

1796ರ ಮೇ 14ರಂದು ಅವನು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವವಳ ಕೈಗುಳ್ಳೆಯ ರಸವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸನ ತೋಳಿಗೆ ಹಾಕಿದನು. ಜುಲೈ 1ರಂದು ನಿಜವಾದ ಸಿಡುಬಿನ ಕೀವನ್ನೇ ಹಾಕಿದರೂ ಬಾಲಕನಿಗೆ ರೋಗ ತಗಲಲಿಲ್ಲ. ಬಡವನ ಮಗನೊಬ್ಬನ ಪ್ರಾಣವನ್ನು ಪಣಕ್ಕಿಟ್ಟ ಈ ಪರೀಕ್ಷೆಯನ್ನು ಇಂದಿನ ನೀತಿ ಒಪ್ಪಲಾರದು. ಆ ಬಾಲಕನ ಋಣವೂ ನಮ್ಮ ಮೇಲಿದೆ.

1798ರಲ್ಲಿ ಜೆನ್ನರನ ಗ್ರಂಥ ಹೊರಬಂದಾಗ ನಕ್ಕವರು ಅನೇಕರು. ಅವನು ಮಾತ್ರ ತನ್ನ ತೋಟದ ಗುಡಿಸಿಲಿನಲ್ಲಿ ಬಡವರಿಗೆ ಧರ್ಮಾರ್ಥವಾಗಿ ಲಸಿಕೆ ಹಾಕುತ್ತಿದ್ದನು. 1802ರಲ್ಲಿ ಅದು ಮುಂಬಯಿಯನ್ನು ಮುಟ್ಟಿತು. 1823ರ ಜನವರಿ 26ರಂದು ಜೆನ್ನರನು ತೀರಿಕೊಂಡನು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಅಳಿಯಿತೆಂದು ಸಾರಿತು.

ಆದರೆ ಆ ಲಸಿಕೆಯ ಕೆಲಸ ಅಲ್ಲಿಗೆ ಮುಗಿಯಲಿಲ್ಲ. 1982ರಲ್ಲಿ ವಿಜ್ಞಾನಿಗಳು ಸಿಡುಬಿನ ಲಸಿಕೆಯ ವೈರಾಣುವಿನಲ್ಲಿ ಬೇರೆ ವೈರಾಣುವಿನ ಒಂದು ಜೀನನ್ನು ಸೇರಿಸಿದರು. ಹೇರು ಹೊರುವ ಎತ್ತಿನಂತೆ ಅದು ಆ ಜೀನನ್ನು ದೇಹದೊಳಕ್ಕೆ ಒಯ್ಯುತ್ತದೆ. ದೇಹವು ಶತ್ರುವಿನ ಗುರುತು ಕಲಿಯುತ್ತದೆ, ಶತ್ರುವು ಮಾತ್ರ ಒಳಹೊಗುವುದಿಲ್ಲ. ಇಂಥ ವಾಹಕ ಲಸಿಕೆಯು ದನಗಳನ್ನು ದೊಡ್ಡರೋಗದಿಂದ ಕಾಯಬಲ್ಲುದೆಂದು 1988ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು. 2011ರಲ್ಲಿ ಜಗತ್ತಿನಿಂದ ಅಳಿಯಿತೆಂದು ಸಾರಲಾದ ಆ ರೋಗವು ಅಳಿದದ್ದು ದುರ್ಬಲಗೊಳಿಸಿದ ಅದೇ ವೈರಾಣುವಿನ ಲಸಿಕೆಯಿಂದ. ವಾಹಕ ಲಸಿಕೆಗಳು ಕೋಳಿಸಾಕಣೆಯಲ್ಲಿ ನೆಲೆಯೂರಿವೆ.

2022ರಲ್ಲಿ ಚರ್ಮಗಂಟು ರೋಗ ಕರ್ನಾಟಕದ ದನಗಳನ್ನು ಕಾಡಿದಾಗ ಹಾಕಿದ್ದು ಆಡಿನ ಸಿಡುಬಿನ ಲಸಿಕೆ. ಒಂದು ಪ್ರಾಣಿಯ ಬೇನೆಯಿಂದ ಇನ್ನೊಂದನ್ನು ಕಾಯುವ ಜೆನ್ನರನ ಸೂತ್ರವೇ ಅದು. ಹಸು ಅಂದು ಮನುಷ್ಯನ ಮಗುವನ್ನು ಉಳಿಸಿತು. ಕೊಟ್ಟಿಗೆಗೆ ಲಸಿಕೆ ತಲುಪಿಸುವುದು ನಾವು ಆ ಋಣ ತೀರಿಸುವ ಬಗೆ. ವಿದ್ಯಾವಂತರಾದ ನಾವು ನಮ್ಮ ನಮ್ಮ ಊರುಗಳಲ್ಲಿ ಈ ಮಾತನ್ನು ತಿಳಿಯಹೇಳಿದರೆ ಅದೇ ಜೆನ್ನರನಿಗೆ ಸಲ್ಲಿಸುವ ಗೌರವ.