ಕಿರಿದರಲ್ಲಿ ಹಿರಿದನ್ನು ಕಂಡ ಜಗದೀಶಚಂದ್ರ ಬೋಸ್

ಜಗದೀಶಚಂದ್ರ ಬೋಸರು 1858ರ ನವೆಂಬರ್ 30ರಂದು ಅವಿಭಜಿತ ಬಂಗಾಳದಲ್ಲಿ ಜನಿಸಿದರು. ತಂದೆ ಭಗವಾನಚಂದ್ರರು ಸರ್ಕಾರದ ಉನ್ನತ ಅಧಿಕಾರಿ. ಅಂಥವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವುದು ಅಂದಿನ ರೂಢಿಯಾಗಿತ್ತು. ಭಗವಾನಚಂದ್ರರಾದರೋ ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ತಾಯ್ನುಡಿಯನ್ನೂ ತನ್ನ ಜನರನ್ನೂ ಅರಿತ ಬಳಿಕವೇ ಇಂಗ್ಲಿಷ್ ಕಲಿಯಬೇಕೆಂಬುದು ಅವರ ನಿಲುವು. ಅಲ್ಲಿ ಬಾಲಕನ ಒಂದು ಮಗ್ಗುಲಲ್ಲಿ ತಂದೆಯ ಜವಾನನ ಮಗ, ಇನ್ನೊಂದು ಮಗ್ಗುಲಲ್ಲಿ ಬೆಸ್ತರ ಹುಡುಗ ಕುಳಿತು ಕಲಿಯುತ್ತಿದ್ದರು.

ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿದ ಬೋಸರು 1885ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಭಾರತೀಯರಿಗೆ ಯುರೋಪಿಯನ್ನರ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಸಲ್ಲುತ್ತಿತ್ತು. ನೇಮಕ ತಾತ್ಕಾಲಿಕವೆಂದು ಇವರಿಗೆ ಅದರಲ್ಲೂ ಅರ್ಧವನ್ನೇ ಗೊತ್ತುಪಡಿಸಲಾಯಿತು. ಮನೆಯಲ್ಲಿ ತಂದೆಯ ಸಾಲದ ಹೊರೆಯಿತ್ತು. ಆದರೂ ಅವರು ಮೂರು ವರ್ಷ ಸಂಬಳವನ್ನು ಮುಟ್ಟದೆ, ಪಾಠವನ್ನೂ ತಪ್ಪಿಸದೆ ದುಡಿದರು. ಕೊನೆಗೆ ಸರ್ಕಾರವೇ ಮಣಿದು ಪೂರ್ಣ ಸಂಬಳವನ್ನು ಹಿಂದಿನ ಬಾಕಿಯೊಡನೆ ನೀಡಿತು. ಆ ಹಣ ತಂದೆಯ ಸಾಲಕ್ಕೆ ಸಂದಿತು.

ಸಂಶೋಧನೆಗೆ ದೊರೆತದ್ದು 24 ಚದರಡಿಯ ಇಕ್ಕಟ್ಟಾದ ಕೋಣೆ. ನೆರವಿಗೆ ಒಬ್ಬ ತಗಡಿನ ಕೆಲಸಗಾರ. ಜರ್ಮನಿಯ ಹರ್ಟ್ಜ್ ವಿದ್ಯುತ್ಕಾಂತೀಯ ಅಲೆಗಳನ್ನು ಆಗಲೇ ತೋರಿಸಿಕೊಟ್ಟಿದ್ದರು. ಆ ಅಲೆಗಳ ಉದ್ದ ಹೆಚ್ಚಾಗಿದ್ದುದರಿಂದ ಉಪಕರಣಗಳೂ ಭಾರಿಯಾಗಿದ್ದವು. ಆಂಟೆನಾದ ಅಳತೆ ಅಲೆಯ ಉದ್ದವನ್ನು ಅವಲಂಬಿಸುತ್ತದೆ; ಸಾಮಾನ್ಯವಾಗಿ ಅದು ಅಲೆಯ ಅರ್ಧದಷ್ಟಿರುತ್ತದೆ. ಅಲೆ ಕುಗ್ಗಿದರೆ ಯಂತ್ರವೂ ಕುಗ್ಗುತ್ತದೆ. ಬೋಸರು ಹಿಡಿದದ್ದು ಈ ದಾರಿಯನ್ನೇ. ಅವರು ಸುಮಾರು 5 ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿದರು. ಅವುಗಳನ್ನು ಸಾಗಿಸಲು ಲೋಹದ ಕೊಳವೆಯನ್ನೂ ಬರಮಾಡಿಕೊಳ್ಳಲು ತುತ್ತೂರಿಯ ಬಾಯಿಯಂತೆ ಅಗಲವಾದ ಆಂಟೆನಾವನ್ನೂ ರೂಪಿಸಿದರು. ಬಂಗಾಳದ ಸೆಣಬನ್ನು ಹುರಿಗೊಳಿಸಿ, ಅಲೆಯ ಕಂಪನದ ದಿಕ್ಕನ್ನು ತಿರುಗಿಸಿ ತೋರಿಸಿದರು. ಇಡೀ ಉಪಕರಣ ಮೇಜಿನ ಮೇಲೆ ಹಿಡಿಸುವಷ್ಟಿತ್ತು.

1895ರಲ್ಲಿ ಕಲಕತ್ತೆಯ ಟೌನ್ ಹಾಲಿನಲ್ಲಿ ಅವರ ಅಲೆಗಳು ಗೋಡೆಗಳನ್ನು ದಾಟಿ 75 ಅಡಿ ದೂರದಲ್ಲಿ ಗಂಟೆ ಬಾರಿಸಿದವು, ಸಿಡಿಮದ್ದನ್ನು ಸಿಡಿಸಿದವು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಇದೇ ಪ್ರಯೋಗಗಳನ್ನು ಕಂಡಿತು. ಜ್ಞಾನವನ್ನು ಮಾರಲು ಬೋಸರಿಗೆ ಮನಸ್ಸಿರಲಿಲ್ಲ. ಗೆಳೆಯರ ಒತ್ತಾಯಕ್ಕೆ, ಅಲೆಗಳನ್ನು ಗುರುತಿಸುವ ತಮ್ಮ ಸಾಧನಕ್ಕೆ ಅಮೆರಿಕದಲ್ಲಿ 1904ರಲ್ಲಿ ಪೇಟೆಂಟ್ ಪಡೆದರೂ ಅದರಿಂದ ಹಣ ಗಳಿಸಲಿಲ್ಲ.

ಮುಂದೆ ಅವರ ಆಸಕ್ತಿ ಸಸ್ಯಗಳತ್ತ ಹೊರಳಿತು. 1917ರಲ್ಲಿ ಬೋಸ್ ಸಂಶೋಧನಾ ಮಂದಿರವನ್ನು ಸ್ಥಾಪಿಸಿದರು. 1937ರ ನವೆಂಬರ್ 23ರಂದು ಗಿರಿಡೀಹದಲ್ಲಿ ನಿಧನರಾದರು.

ಅವರು ಬಿಟ್ಟುಹೋದ ಮಿಲಿಮೀಟರ್ ಅಲೆಗಳ ಕಡೆಗೆ ಇಂದಿನ ನಿಸ್ತಂತು ತಂತ್ರಜ್ಞಾನ ಮರಳಿದೆ. 5ಜಿಯ ಕೆಲವು ಫೋನುಗಳಲ್ಲಿ ಬೆರಳಿನಷ್ಟಗಲದ ಫಲಕದ ಮೇಲೆ ಹಲವು ಪುಟ್ಟ ಆಂಟೆನಾಗಳು ಕೂಡಿ, ಅಲೆಯನ್ನು ಬೇಕಾದ ದಿಕ್ಕಿಗೆ ತಿರುಗಿಸುತ್ತವೆ. ಅಲೆ ಕಿರಿದಾದುದರಿಂದಲೇ ಅದು ಸಾಧ್ಯವಾಗಿದೆ.

ಬಂಗಾಳಿ ಶಾಲೆಯ ಆ ಬಾಲಕ ತಾಯ್ನುಡಿಯನ್ನು ಕಡೆಯವರೆಗೂ ಬಿಡಲಿಲ್ಲ. 1921ರಲ್ಲಿ ಪ್ರಕಟವಾದ ‘ಅವ್ಯಕ್ತ’ ಅವರ ಬಂಗಾಳಿ ಬರಹಗಳ ಸಂಕಲನ. ಭಾಷೆಯ ವಿದ್ಯಾರ್ಥಿಗಳೂ ಈ ವಿಜ್ಞಾನಿಯನ್ನು ತಮ್ಮವರೆಂದು ನೆನೆಯಲು ಅದೊಂದೇ ಸಾಕು.