ಗ್ರೇಸ್ ಹಾಪರ್

ಗ್ರೇಸ್ ಬ್ರೂಸ್ಟರ್ ಮರ್ರೆ ಹಾಪರ್ (ಡಿಸೆಂಬರ್ 9, 1906 – ಜನವರಿ 1, 1992) ಅಮೆರಿಕದ ಗಣಿತಜ್ಞೆ, ಗಣಕ ವಿಜ್ಞಾನಿ ಹಾಗೂ ನೌಕಾಪಡೆಯ ಅಧಿಕಾರಿ. ಪ್ರೋಗ್ರಾಂ ಸಿದ್ಧಪಡಿಸುವ ಕೆಲಸವನ್ನು ಗಣಕಕ್ಕೇ ವಹಿಸುವ ಕಂಪೈಲರ್ ಎಂಬ ಸಾಧನವನ್ನು ಮೊದಲು ರೂಪಿಸಿದವರಲ್ಲಿ ಇವರೂ ಒಬ್ಬರು. ಇವರ ಫ್ಲೋ-ಮ್ಯಾಟಿಕ್ ಭಾಷೆಯು ಕೋಬಾಲ್ ಭಾಷೆಗೆ ಮುಖ್ಯ ಆಧಾರವಾಯಿತು.

ಜನನ ಮತ್ತು ಶಿಕ್ಷಣ

ಹಾಪರ್ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. 1928ರಲ್ಲಿ ವಾಸರ್ ಕಾಲೇಜಿನಿಂದ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿಯನ್ನೂ 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. 1931ರಿಂದ ವಾಸರ್ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯನ್ನು ಸೇರಬಯಸಿದಾಗ ಅವರ ತೂಕ ನಿಗದಿತ ಮಿತಿಗಿಂತ ಕಡಿಮೆಯಿತ್ತು. ವಿಶೇಷ ವಿನಾಯಿತಿ ಪಡೆದು 1943ರಲ್ಲಿ ಮೀಸಲು ಪಡೆಯನ್ನು ಸೇರಿದರು.

ಹಾರ್ವರ್ಡ್‌ನಲ್ಲಿ

1944ರಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊವಾರ್ಡ್ ಐಕೆನ್ ನೇತೃತ್ವದ ಗಣನ ಯೋಜನೆಗೆ ನಿಯೋಜಿಸಲಾಯಿತು. ಅಲ್ಲಿದ್ದ ಮಾರ್ಕ್ 1 ಯಂತ್ರಕ್ಕೆ ಆದೇಶಗಳನ್ನು ಕಾಗದದ ಪಟ್ಟಿಯ ಮೇಲಿನ ರಂಧ್ರಗಳ ಮೂಲಕ ನೀಡಬೇಕಿತ್ತು. ಮತ್ತೆ ಮತ್ತೆ ಬೇಕಾಗುವ ಲೆಕ್ಕಾಚಾರದ ತುಣುಕುಗಳನ್ನು ಪ್ರೋಗ್ರಾಮರ್‌ಗಳು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಕೈಯಿಂದ ನಕಲು ಮಾಡುತ್ತಿದ್ದರು. ಹೀಗೆ ಮಾಡುವಾಗ ತಪ್ಪುಗಳು ನುಸುಳುತ್ತಿದ್ದವು. ಈ ಯಂತ್ರದ ಕೈಪಿಡಿಯನ್ನು ಬರೆದವರಲ್ಲಿ ಹಾಪರ್ ಪ್ರಮುಖರು.

1947ರಲ್ಲಿ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಸಿಲುಕಿದ್ದ ಪತಂಗವೊಂದನ್ನು ಸಿಬ್ಬಂದಿ ತೆಗೆದು ದಿನಚರಿ ಪುಸ್ತಕದಲ್ಲಿ ಅಂಟಿಸಿದರು. ದೋಷಕ್ಕೆ ಬಗ್ ಎಂಬ ಹೆಸರನ್ನು ಹಾಪರ್ ಅವರೇ ಕೊಟ್ಟರೆಂಬುದು ಜನಪ್ರಿಯ ನಂಬಿಕೆ. ವಾಸ್ತವವಾಗಿ ಆ ಪದವು ಎಂಜಿನಿಯರುಗಳಲ್ಲಿ 19ನೆಯ ಶತಮಾನದಿಂದಲೇ ಬಳಕೆಯಲ್ಲಿತ್ತು.

ಕಂಪೈಲರ್ ಮತ್ತು ಫ್ಲೋ-ಮ್ಯಾಟಿಕ್

1949ರಲ್ಲಿ ಹಾಪರ್ ಯುನಿವ್ಯಾಕ್ ಗಣಕವನ್ನು ನಿರ್ಮಿಸುತ್ತಿದ್ದ ಎಕರ್ಟ್-ಮಾಕ್ಲಿ ಸಂಸ್ಥೆಯನ್ನು ಸೇರಿದರು. ಮರುವರ್ಷ ಈ ಸಂಸ್ಥೆ ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಯ ಒಡೆತನಕ್ಕೆ ಬಂದಿತು. 1952ರ ವೇಳೆಗೆ ಅವರು ಎ-0 ಎಂಬ ವ್ಯವಸ್ಥೆಯನ್ನು ಸಿದ್ಧಪಡಿಸಿದರು. ಟೇಪಿನಲ್ಲಿ ಸಂಗ್ರಹಿಸಿಟ್ಟ ಪ್ರತಿಯೊಂದು ತುಣುಕಿಗೂ ಒಂದು ಸಂಖ್ಯೆ ಇರುತ್ತಿತ್ತು. ಸಂಖ್ಯೆಗಳನ್ನು ಸೂಚಿಸಿದರೆ ಗಣಕವೇ ಆ ತುಣುಕುಗಳನ್ನು ಹುಡುಕಿ, ವಿಳಾಸಗಳನ್ನು ಸರಿಹೊಂದಿಸಿ, ಪೂರ್ಣ ಪ್ರೋಗ್ರಾಂ ಜೋಡಿಸುತ್ತಿತ್ತು. ಇಂದಿನ ಅರ್ಥದಲ್ಲಿ ಇದು ಲಿಂಕರ್ ಮತ್ತು ಲೋಡರ್‌ಗಳಿಗೆ ಹೆಚ್ಚು ಹತ್ತಿರವಾದುದು. ಗಣಕವು ಲೆಕ್ಕ ಮಾಡಬಲ್ಲದೇ ಹೊರತು ಪ್ರೋಗ್ರಾಂ ರಚಿಸಲಾರದು ಎಂದು ಆಗ ಅನೇಕರು ಭಾವಿಸಿದ್ದರು.

ವ್ಯಾಪಾರ ಕ್ಷೇತ್ರದವರಿಗೆ ಗಣಿತದ ಚಿಹ್ನೆಗಳಿಗಿಂತ ಪದಗಳೇ ಸುಲಭವೆಂಬುದು ಹಾಪರ್ ಅವರ ನಿಲುವಾಗಿತ್ತು. ಪದಗಳು ಯಂತ್ರಕ್ಕೆ ಕೇವಲ ಸಂಕೇತಗಳೆಂದು ತೋರಿಸಲು ಅವರ ತಂಡವು ಅದೇ ಪ್ರೋಗ್ರಾಂ ಅನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಪ್ರದರ್ಶಿಸಿತು. ಅಮೆರಿಕದ ಯಂತ್ರಕ್ಕೆ ಪರಭಾಷೆ ಹೇಗೆ ತಿಳಿದೀತೆಂದು ಆಡಳಿತವರ್ಗ ಗಾಬರಿಗೊಂಡಿತೆಂದು ಹಾಪರ್ ನಂತರ ಸ್ಮರಿಸಿದ್ದಾರೆ. ಕೊನೆಗೆ ಇಂಗ್ಲಿಷ್ ಪದಗಳನ್ನಷ್ಟೇ ಬಳಸುವ ಫ್ಲೋ-ಮ್ಯಾಟಿಕ್ ಸಿದ್ಧವಾಯಿತು.

ಕೋಬಾಲ್

ಒಂದು ಸಂಸ್ಥೆಯ ಗಣಕಕ್ಕೆ ಬರೆದ ಪ್ರೋಗ್ರಾಂ ಮತ್ತೊಂದರಲ್ಲಿ ನಡೆಯದಿದ್ದುದು ಆ ಕಾಲದ ದೊಡ್ಡ ತೊಡಕಾಗಿತ್ತು. ಇದರ ಪರಿಹಾರಕ್ಕಾಗಿ 1959ರಲ್ಲಿ ಸರ್ಕಾರ ಮತ್ತು ಉದ್ಯಮದ ಪ್ರತಿನಿಧಿಗಳ ಸಮಿತಿಯೊಂದು ರಚನೆಯಾಯಿತು. ಹಾಪರ್ ಅದರ ಸಲಹೆಗಾರರಾಗಿದ್ದರು. ಭಾಷೆಯನ್ನು ರಚಿಸಿದವರು ಜೀನ್ ಸ್ಯಾಮೆಟ್ ಮೊದಲಾದ ತಜ್ಞರು. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಸಂಸ್ಥೆಗಳ ಗಣಕಗಳಲ್ಲಿ ನಡೆದು ಈ ಪ್ರಯತ್ನದ ಯಶಸ್ಸನ್ನು ತೋರಿಸಿತು. ಬ್ಯಾಂಕಿಂಗ್ ಮತ್ತು ಸರ್ಕಾರಿ ವ್ಯವಸ್ಥೆಗಳಲ್ಲಿ ಕೋಬಾಲ್ ಇಂದಿಗೂ ಬಳಕೆಯಲ್ಲಿದೆ.

ಕೊನೆಯ ವರ್ಷಗಳು

1966ರಲ್ಲಿ ನಿವೃತ್ತರಾದ ಹಾಪರ್ ಅವರನ್ನು ನೌಕಾಪಡೆಯು 1967ರಲ್ಲಿ ಆರು ತಿಂಗಳ ಅವಧಿಗೆ ಮರಳಿ ಕರೆಯಿತು. ಆ ಸೇವೆ ಹಲವು ವರ್ಷ ಮುಂದುವರಿಯಿತು. ಕಂಪೈಲರ್‌ಗಳು ಕೋಬಾಲ್ ಮಾನದಂಡಕ್ಕೆ ಅನುಗುಣವಾಗಿವೆಯೇ ಎಂದು ಪರೀಕ್ಷಿಸುವ ಕ್ರಮವನ್ನು ಅವರ ತಂಡ ರೂಪಿಸಿತು. ಉಪನ್ಯಾಸಗಳಲ್ಲಿ ಅವರು ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಗಳನ್ನು ಹಂಚಿ, ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಕ್ರಮಿಸುವ ದೂರವನ್ನು ವಿವರಿಸುತ್ತಿದ್ದರು. 1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು.

1992ರ ಜನವರಿ 1ರಂದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ನಿಧನರಾದರು. ನೌಕಾಪಡೆಯ ಯುದ್ಧನೌಕೆಯೊಂದಕ್ಕೆ ಅವರ ಹೆಸರಿಡಲಾಗಿದೆ. 2016ರಲ್ಲಿ ಅವರಿಗೆ ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ನೀಡಲಾಯಿತು.