ಲೆಕ್ಕದ ಕಚೇರಿಯಿಂದ ಕಣ್ಣಿನವರೆಗೆ: ಸರ್ ಸಿ.ವಿ. ರಾಮನ್

ಸರ್ ಸಿ.ವಿ. ರಾಮನ್ ಎಂದರೆ ನಮಗೆಲ್ಲ ನೊಬೆಲ್ ಪ್ರಶಸ್ತಿ ನೆನಪಾಗುತ್ತದೆ. ಆದರೆ ಅವರು ಮೊದಲು ಲೆಕ್ಕಪತ್ರದ ಅಧಿಕಾರಿಯಾಗಿದ್ದರು ಎಂದು ತಿಳಿದಾಗ ಕಾಮರ್ಸ್ ವಿದ್ಯಾರ್ಥಿಯಾದ ನನಗೆ ತುಂಬಾ ಖುಷಿಯಾಯಿತು.

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆ ಪಾಸಾಗಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಹಗಲು ಕಚೇರಿ, ಬೆಳಿಗ್ಗೆ ಮತ್ತು ಸಂಜೆ ಪ್ರಯೋಗಾಲಯ. ಹತ್ತು ವರ್ಷ ಹೀಗೆ ದುಡಿದು, 1917ರಲ್ಲಿ ಹೆಚ್ಚು ಸಂಬಳದ ಆ ಕೆಲಸ ಬಿಟ್ಟು ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಪ್ರಕಟಿಸಿದರು. ಅದಕ್ಕೆ 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದವರು, 1948ರಲ್ಲಿ ಅಲ್ಲಿಯೇ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದರು.

ಇಳಿವಯಸ್ಸಿನಲ್ಲಿ ಅವರು ಕಣ್ಣಿನ ಬಗ್ಗೆ ಅಧ್ಯಯನ ಮಾಡಿದರು. ಗ್ರಾಹಕ ಎಂದರೆ ನಮ್ಮ ಪುಸ್ತಕದಲ್ಲಿ ಸರಕು ಕೊಳ್ಳುವವನು, ನಮ್ಮ ಮನೆಯ ಉರ್ದುವಿನಲ್ಲಿ ಗಾಹಕ್. ವಿಜ್ಞಾನದಲ್ಲಿ ಗ್ರಾಹಕ ಎಂದರೆ ಬೆಳಕು, ಶಬ್ದ, ಬಿಸಿ, ಸ್ಪರ್ಶಗಳನ್ನು ಗುರುತಿಸುವ ದೇಹದ ಭಾಗ. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಇಂಥ ಎರಡು ಬಗೆಯ ಕೋಶಗಳಿವೆ. ದಂಡ ಕೋಶಗಳು ಮಂದ ಬೆಳಕಿಗೆ, ಶಂಕು ಕೋಶಗಳು ಬಣ್ಣಕ್ಕೆ. ಬೆಳಕು ಬಿದ್ದಾಗ ಕೋಶದ ವರ್ಣದ್ರವ್ಯ ಬದಲಾಗುತ್ತದೆ. ಆ ಬದಲಾವಣೆ ವಿದ್ಯುತ್ ಸಂಕೇತವಾಗಿ ನರದ ಮೂಲಕ ಮೆದುಳಿಗೆ ಮುಟ್ಟುತ್ತದೆ. ಹತ್ತಿಕುಣಿಯ ಬಿಸಿಲಿನಿಂದ ಕತ್ತಲೆ ಕೋಣೆಗೆ ಬಂದರೆ ಮೊದಲು ಏನೂ ಕಾಣುವುದಿಲ್ಲ. ಬಿಸಿಲಿನಲ್ಲಿ ಖರ್ಚಾದ ವರ್ಣದ್ರವ್ಯವನ್ನು ದಂಡ ಕೋಶಗಳು ಮತ್ತೆ ತುಂಬಿಕೊಳ್ಳಬೇಕು. ಅದು ಪೂರ್ತಿಯಾಗಲು ಸುಮಾರು ಅರ್ಧ ಗಂಟೆ ಬೇಕು.

ರಾಮನ್ ಅವರು ಬಣ್ಣದ ಗಾಜಿನಂಥ ಫಿಲ್ಟರ್ ಹಿಡಿದು ಬೆಳಗುವ ಪರದೆಯನ್ನು ನೋಡುತ್ತಿದ್ದರು. ಅದನ್ನು ಥಟ್ಟನೆ ತೆಗೆದಾಗ ಪರದೆಯ ಮೇಲೆ ತಮ್ಮ ರೆಟಿನಾದ ಚಿತ್ರವೇ ಕಾಣುತ್ತದೆ ಎಂದು ನಂಬಿದ್ದರು. 1968ರಲ್ಲಿ ದೃಷ್ಟಿಯ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ಮೂರು ಬಗೆಯ ಶಂಕು ಕೋಶಗಳಿಂದ ನಮಗೆ ಬಣ್ಣ ಕಾಣುತ್ತದೆ ಎಂಬುದನ್ನು ಅವರು ಒಪ್ಪಲಿಲ್ಲ. ಆದರೆ 1964ರಲ್ಲೇ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಶಂಕು ಕೋಶಗಳನ್ನು ಒಂದೊಂದಾಗಿ ಅಳೆದು ಮೂರು ಬಗೆಗಳನ್ನು ತೋರಿಸಿದ್ದರು. ರಾಮನ್ ಅವರ ವಾದ ನಿಲ್ಲಲಿಲ್ಲ. 1970ರ ನವೆಂಬರ್ 21ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಇದರಿಂದ ಅವರ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ. ಎಂಬತ್ತರ ಹತ್ತಿರದಲ್ಲೂ ಅವರು ಪ್ರಶ್ನೆ ಕೇಳುತ್ತಿದ್ದರು. ಆದರೆ ಲೆಕ್ಕ ಬರೆದವರು ಎಷ್ಟೇ ದೊಡ್ಡವರಾದರೂ ಅದನ್ನು ತಾಳೆ ನೋಡಲೇಬೇಕು ಎಂದು ನಮ್ಮ ಲೆಕ್ಕಶಾಸ್ತ್ರ ಹೇಳುತ್ತದೆ. ವಿಜ್ಞಾನಕ್ಕೂ ಅದೇ ನಿಯಮ. ಸೈನ್ಸ್ ನಮ್ಮದಲ್ಲ ಎಂದು ಸುಮ್ಮನೆ ಕೂರುವ ಕಾಮರ್ಸ್, ಆರ್ಟ್ಸ್ ಗೆಳೆಯರೇ, ನಾವೂ ಕೇಳೋಣ.